‘ಬಿತ್ತು ಸರ್’ ಆದ ಜೀವನಕುಮಾರ

ಭಾಲ್ಕಿಯ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ ಜೀವನಕುಮಾರ ಅವರ ಗಂಟಲು ಊರಿಗೆಲ್ಲ ಪರಿಚಿತ. ತಾಲೂಕಿನ ಕ್ರೀಡಾಕೂಟವಿರಲಿ, ಗಣರಾಜ್ಯೋತ್ಸವವಿರಲಿ, ಮೆಥೋಡಿಸ್ಟ್ ಚರ್ಚಿನ ಕ್ರಿಸ್‌ಮಸ್ ಕಾರ್ಯಕ್ರಮವಿರಲಿ, ಮೈಕು ಕಟ್ಟಿದರೆ ಅದರ ಮುಂದೆ ಅವರೇ. ಅದಕ್ಕೇ ಹೋದ ಚಳಿಗಾಲದಲ್ಲಿ ಬೀದರಿನ ಹೊರವಲಯದ ಮೈದಾನದಲ್ಲಿ ವಿಮಾನ ಪ್ರದರ್ಶನ ನಿಗದಿಯಾದಾಗ ಕನ್ನಡದಲ್ಲಿ ವಿವರಣೆ ಕೊಡಲು ಅವರಿಗೇ ಕರೆ ಬಂತು.

ಬೀದರಿನವರಿಗೆ ವಿಮಾನ ಹೊಸದಲ್ಲ. ತರಬೇತಿ ವಿಮಾನ ತಲೆಯ ಮೇಲೆ ಹೋಗುವಾಗ ಮಾತು ನಿಲ್ಲಿಸಿ, ಸದ್ದು ದಾಟಿದ ಮೇಲೆ ಅದೇ ಮಾತನ್ನು ಮುಂದುವರಿಸುವುದು ಇಲ್ಲಿಯ ರೂಢಿ. ಈ ಸಲ ಮಾತ್ರ ಹಿಂದಿನ ಯುದ್ಧಕಾಲದ ವಿಮಾನಗಳು, ಒಂದರ ಮೇಲೊಂದು ಎರಡು ರೆಕ್ಕೆಯವು, ಮೂಗಿನಲ್ಲಿ ಪಂಖ ತಿರುಗುವವು ಬರಲಿದ್ದವು. ಔರಾದ, ಹಲಬರ್ಗಾ ಕಡೆಯಿಂದಲೂ ಜನ ಮಕ್ಕಳುಮರಿ ಕಟ್ಟಿಕೊಂಡು, ರೊಟ್ಟಿ ಬುತ್ತಿಯೊಂದಿಗೆ ಬಸ್ಸು ಹತ್ತಿದರು.

ಹಿಂದಿನ ದಿನ ತಾಲೀಮು ನಡೆಯಿತು. ಇಂಗ್ಲಿಷಿನಲ್ಲಿ ವಿವರಿಸಲಿದ್ದ ಅಧಿಕಾರಿಯೊಬ್ಬರು ಪ್ರತಿಯೊಂದು ಕಸರತ್ತನ್ನೂ ಬಿಡಿಸಿ ಹೇಳಿದರು. ಹಳೆಯ ವಿಮಾನವೊಂದು ನೆಟ್ಟಗೆ ಮೇಲೇರಿ, ಎಂಜಿನ್ ಸದ್ದು ತಗ್ಗಿಸಿ, ಒಣಗಿದ ಎಲೆಯಂತೆ ಬೀಳುವ ಹಾಗೆ ತೋರಿಸುತ್ತದೆ, ಅದು ಆಟ ಎಂದೂ ಹೇಳಿದರು. ಜೀವನಕುಮಾರ ತಲೆಯಾಡಿಸಿದರೇ ಹೊರತು ಕೇಳಿಸಿಕೊಳ್ಳಲಿಲ್ಲ. ಅಷ್ಟು ದೊಡ್ಡ ಜನಸಾಗರದೆದುರು ತಾವು ಮೊದಲು ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿಕೊಳ್ಳುತ್ತಿದ್ದರು.

ಮರುದಿನ ಆ ಮೊದಲ ಮಾತಿಗೆ ಚಪ್ಪಾಳೆ ಬಿತ್ತು. ಎಂಟನೆಯ ತರಗತಿಯ ಮಗಳು ಫೇತ ಗೆಳತಿಯರೊಂದಿಗೆ ಮುಂದಿನ ಸಾಲಿನಲ್ಲೇ ಕೂತಿದ್ದಳು. ಅವಳು ಬೆರಳು ಮಾಡಿ ತಮ್ಮನ್ನು ತೋರಿಸುತ್ತಿರುವುದನ್ನು ಕಂಡು ಅವರ ಎದೆ ಉಬ್ಬಿತು. ಅಷ್ಟರಲ್ಲಿ ಹಳದಿ ಬಣ್ಣದ ಹಳೆಯ ವಿಮಾನ ನೆಟ್ಟಗೆ ಮೇಲೇರಿತು. ಸದ್ದು ಕ್ಷೀಣಿಸಿತು. ಬಾಲದಿಂದ ಹೊಗೆ ಬಿಡುತ್ತ ಅದು ಹೊರಳಾಡಿಕೊಂಡು ಕೆಳಗಿಳಿಯತೊಡಗಿತು.

“ಬಿತ್ತು, ಬಿತ್ತು. ಓಡ್ರಿ, ಎಲ್ಲಾರೂ ಓಡ್ರಿ.”

ಮೈದಾನದ ನಾಲ್ಕೂ ದಿಕ್ಕಿನ ಸ್ಪೀಕರುಗಳಿಂದ ಆ ದನಿ ಹೊರಟಿತು. ಅದು ತಮ್ಮದೇ ಎಂದು ಅವರಿಗೆ ಹೊಳೆದದ್ದು ಪಕ್ಕದ ಅಧಿಕಾರಿ ಮೈಕು ಕಸಿದುಕೊಂಡಾಗ. ಅಷ್ಟರೊಳಗೆ ಜನ ಎದ್ದಿದ್ದರು. ಚಪ್ಪಲಿ, ಬುತ್ತಿ ಬಿಟ್ಟು ಓಡಿದ್ದರು. ವಿಮಾನವೋ, ಕೆಳಗೆ ಬಂದು ಮೆಲ್ಲನೆ ತಲೆಯೆತ್ತಿ, ರೆಕ್ಕೆ ಅಲುಗಿಸಿ ನಮಸ್ಕಾರ ಮಾಡಿ ಹೊರಟುಹೋಯಿತು. ಅಧಿಕಾರಿ ಸಮಾಧಾನದ ದನಿಯಲ್ಲಿ ಜನರನ್ನು ಕೂರಿಸಿದರು. ಜೀವನಕುಮಾರ ವೇದಿಕೆಯ ಹಿಂದೆ ಹೋಗಿ, ಕೈಯಲ್ಲಿ ಮುಖ ಮುಚ್ಚಿಕೊಂಡು ಪ್ರದರ್ಶನ ಮುಗಿಯುವವರೆಗೂ ಕೂತುಬಿಟ್ಟರು. ಯಾರೂ ಅವರನ್ನು ಬೈಯಲಿಲ್ಲ. ಒಬ್ಬರು ಬಂದು ನೀರಿನ ಬಾಟಲಿ ಇಟ್ಟು ಹೋದರು. ಅದೇ ಹೆಚ್ಚು ಚುಚ್ಚಿತು.

ಆ ಕೂಗು ಎಲ್ಲರ ಮೊಬೈಲಿನಲ್ಲೂ ಇತ್ತು. ಸೋಮವಾರ ಶಾಲೆಯ ಮೈದಾನದಲ್ಲಿ ಚೆಂಡು ನೆಲಕ್ಕೆ ಬಿದ್ದರೆ ಸಾಕು, ಮಕ್ಕಳು “ಬಿತ್ತು, ಓಡ್ರಿ” ಎಂದು ಪಿಸುಗುಟ್ಟಿ ನಗತೊಡಗಿದರು. ‘ಬಿತ್ತು ಸರ್’ ಎಂಬ ಹೆಸರು ಸಂತೆಯವರೆಗೂ ಹೋಯಿತು. ಅದೇ ಶಾಲೆಯಲ್ಲಿ ಓದುವ ಫೇತ ಅಪ್ಪನ ಗಾಡಿ ಹತ್ತದೆ ನಡೆದು ಹೋಗತೊಡಗಿದಳು. 

ನಗೆಯಾದರೆ ಹೇಗೋ ತಡೆದುಕೊಳ್ಳಬಹುದಿತ್ತು. ಹೆಂಡತಿ ಹೆಲೆನ ಆಸ್ಪತ್ರೆಯಲ್ಲಿ ನರ್ಸು. ಆ ದಿನದ ನೂಕುನುಗ್ಗಲಿನಲ್ಲಿ ಔರಾದಿನ ವಜೀರಬೀ ಎಂಬ ಮುದುಕಿ ಬಿದ್ದು ಮುಂಗೈ ಮುರಿದುಕೊಂಡಿದ್ದಾಳೆ ಎಂಬ ಸುದ್ದಿ ಅವಳಿಗೆ ತಿಳಿಯಿತು. ಗಂಡನಿಂದ ಅದನ್ನು ಮುಚ್ಚಿಡಲಿಲ್ಲ.

“ಹೋಗಿ ನೋಡ್ಕೊಂಡು ಬರ್ರಿ. ಮನ್ಯಾಗ ಮಾರಿ ಮುಚ್ಕೊಂಡು ಕುಂತ್ರ ಏನಾಗ್ತದ,” ಎಂದಳು. ಒಲ್ಲೆ ಎಂದ ಫೇತಳನ್ನೂ ಜೊತೆಗೆ ಕಳಿಸಿದಳು.

ಔರಾದಿನ ಬಸ್ಸಿನಲ್ಲಿ ಫೇತ ಅಪ್ಪನಿಂದ ಎರಡು ಸೀಟು ಹಿಂದೆ ಕೂತಳು. ವಜೀರಬೀಯ ಮಗ ಫಕ್ರೋದ್ದೀನ ಬಸ್ ನಿಲ್ದಾಣದ ಹತ್ತಿರ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ಯಾರೆಂದು ತಿಳಿದಾಗ ಅವನ ಮುಖ ಬಿಗಿಯಿತು. ಆದರೂ ಮನೆಗೆ ಕರೆದೊಯ್ದ. ಮುದುಕಿ ಪಟ್ಟಿ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ಜೀವನಕುಮಾರ ತಂದ ಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತೇ ಇದ್ದರು. ಕಡೆಗೆ, ತಪ್ಪಾಯಿತು, ನನ್ನಿಂದಲೇ ಹೀಗಾಯಿತು ಎಂದಷ್ಟೇ ಹೇಳಿದರು. ವಿಮಾನ ಬೀಳುತ್ತದೆಂದು ತಾವೂ ನಿಜಕ್ಕೂ ನಂಬಿದ್ದಾಗಿ ಸೇರಿಸಿದರು.

ವಜೀರಬೀ ಅವರನ್ನು ನೋಡಿದಳು. “ನಾ ವಿಮಾನಕ್ಕ ಅಂಜಿಲ್ರಿ ಮಾಸ್ತರ. ಹುಟ್ಟಿದಾಗಿಂದ ವಿಮಾನ ನೋಡ್ತೇನಿ. ನಿಮ್ಮ ಆವಾಜಿಗಿ ಓಡಿದೆ. ಮೈಕಿನಾಗ ಮಾತಾಡೋರಿಗಿ ಎಲ್ಲಾ ಗೊತ್ತಿರ್ತದ ಅಂದ್ಕೊಂಡೆ.”

ಬೈದಿದ್ದರೆ ವಾಸಿ ಎನಿಸಿತು ಅವರಿಗೆ. ತಾಲೀಮಿನ ದಿನ ತಮಗೆ ಎಲ್ಲ ಹೇಳಿದ್ದರು, ತಾವು ಕೇಳಲಿಲ್ಲ ಎಂಬುದನ್ನು ಹೆಂಡತಿಗೂ ಹೇಳಿರಲಿಲ್ಲ. ಅಲ್ಲಿ, ಮಗಳ ಎದುರಿಗೇ, ಹೇಳಿದರು. ಫೇತ ತಲೆಯೆತ್ತಿ ನೋಡಿದಳು.

ಮುದುಕಿ ಮಂಚದ ಮೇಲೆ ಸರಿದು ಕೂತು, ಆಮೇಲೆ ಏನೇನು ಆಟ ತೋರಿಸಿದರು ಎಂದು ಕೇಳಿದಳು. ಬಿದ್ದ ಕೂಡಲೇ ಅವಳನ್ನು ಆಸ್ಪತ್ರೆಗೆ ಒಯ್ದಿದ್ದರು. ಜೀವನಕುಮಾರರೂ ನೋಡಿರಲಿಲ್ಲ. ಆಗ ಫೇತ ಮಂಚದ ಅಂಚಿಗೆ ಕೂತು, ಕೆಂಪು ವಿಮಾನಗಳು ಒಟ್ಟಿಗೆ ತಲೆಕೆಳಗಾಗಿ ಹಾರಿದ್ದನ್ನೂ, ಎರಡು ವಿಮಾನಗಳು ಎದುರುಬದುರಾಗಿ ಬಂದು ಕೂದಲೆಳೆಯ ಅಂತರದಲ್ಲಿ ತಪ್ಪಿಸಿಕೊಂಡದ್ದನ್ನೂ ಕೈಯಾಡಿಸಿ ಹೇಳಿದಳು. ಫಕ್ರೋದ್ದೀನ ಬಾಗಿಲಲ್ಲಿ ನಿಂತು ಕೇಳಿದ. ಚಹಾ ಬಂತು.

ಪಟ್ಟಿ ಬಿಚ್ಚುವ ದಿನ ವಜೀರಬೀಯನ್ನು ಬೀದರಿನ ಎಲುಬಿನ ಡಾಕ್ಟರರಲ್ಲಿಗೆ ತಾವೇ ಕರೆದೊಯ್ಯಲೇ ಎಂದು ಜೀವನಕುಮಾರ ಕೇಳಿದರು, ಒಪ್ಪಿಗೆ ಸಿಕ್ಕಿತು. ಅಲ್ಲಿ ಪಾಳಿಯಲ್ಲಿ ನಿಂತಾಗ ಒಬ್ಬಾತ ಅವರನ್ನು ದಿಟ್ಟಿಸಿ, ಮೊಬೈಲಿನಲ್ಲಿ ಬಂದವರು ನೀವೇ ಅಲ್ಲವೇ ಎಂದು ನಕ್ಕ.

“ಹೌದ್ರಿ, ನಾನೇ,” ಎಂದರು ಅವರು. ಕಿವಿ ಕೆಂಪಾಗಿತ್ತು. “ಈ ಅಮ್ಮನ ಕೈ ಮುರಿದದ್ದೂ ನನ್ನಿಂದನೇ.”

ಆತ ನಗು ನಿಲ್ಲಿಸಿ ಬೇರೆ ಕಡೆ ನೋಡಿದ. ಪಾಳಿ ಮುಂದೆ ಸರಿದಿದೆ, ನಡೆಯಿರಿ ಮಾಸ್ತರ ಎಂದಳು ವಜೀರಬೀ.