ಅಜ್ಜಿ ಹೇಳಲು ಹೊರಟ ದಾರಿ

ಸಂಗ್ರಹಾಲಯದಲ್ಲಿ ಧ್ವನಿಮುದ್ರಣದ ಕೆಲಸಕ್ಕಿದ್ದ ಟೇಪು ಮಾಮನಿಗೆ ಕ್ಯಾಸೆಟ್ ಉಳಿಸುವ ಚಟ. ಯುದ್ಧದಲ್ಲಿ ಸೈನ್ಯ ಬೆಟ್ಟದ ಆದಿವಾಸಿಗಳನ್ನು ಹೊರೆ ಹೊರಲು ಎಳೆದೊಯ್ದಿತ್ತಲ್ಲ, ಅದನ್ನು ಅನುಭವಿಸಿದ ಹಿರಿಯರ ಮಾತು ಹಿಡಿದಿಡಲು ಮಾಮನನ್ನು ಬೆಟ್ಟಕ್ಕೆ ಕಳಿಸಿದ್ದರು. ಒಬ್ಬರಿಗೆ ಒಂದೇ ಕ್ಯಾಸೆಟ್. ಮಾತು ಆಚೀಚೆ ಹೋಯಿತೋ, ಮಾಮನ ಹೆಬ್ಬೆರಳು ಟಕ್ಕೆಂದು ಗುಂಡಿ ಒತ್ತುತ್ತಿತ್ತು. ಮನೆಯಲ್ಲೂ ಅದೇ ಹಾಡು, “ವಿಷಯಕ್ಕೆ ಬಾ.” ನನಗೂ ಒಂದು ಗುಂಡಿ ಇಡಿಸಿಬಿಡಿ ಎಂದು ಹೆಂಡತಿ ಮೂತಿ ತಿರುವುತ್ತಿದ್ದರು.

ನಿವೃತ್ತಿಯಾಗಿ ಏಳು ವರ್ಷದ ಮೇಲೆ ಸಂಗ್ರಹಾಲಯದಿಂದ ಕರೆ ಬಂತು. ಬೆಟ್ಟದ ಕಡೆಯ ಒಬ್ಬ ನರ್ಸ್ ಬಂದು ಕೂತಿದ್ದಳು. ಹೊರೆ ಹೊತ್ತು ಹೋದ ಅವಳ ಅಜ್ಜ ದಾರಿಯಲ್ಲೇ ಸತ್ತಿದ್ದ. ಜೊತೆಗಿದ್ದ ಅಜ್ಜಿಯೇ ಮಣ್ಣು ಮಾಡಿದ್ದಳು. ಮನೆಯಲ್ಲಿ ಅಜ್ಜಿ ಆ ಮಾತೆತ್ತಿದ್ದೇ ಇಲ್ಲ. ಎತ್ತಿದ್ದು ಒಂದೇ ಸಲ, ಮಾಮನ ಮುಂದೆ. ಆ ವರ್ಷವೇ ತೀರಿಕೊಂಡಳು. ಅಜ್ಜನ ಎಲುಬಾದರೂ ಊರಿಗೆ ತರಬೇಕು ಎಂದು ಮೊಮ್ಮಗಳು ಈಗ ಜಾಗ ಹುಡುಕುತ್ತಿದ್ದಳು.

ಕಿಟಕಿಯಿಲ್ಲದ ಕೋಣೆಯಲ್ಲಿ ಕ್ಯಾಸೆಟ್ ತಿರುಗಿತು. ಸೈನಿಕರು ಬಂದದ್ದು, ಬೆನ್ನು ಹರಿದ ಬುಟ್ಟಿ, ಜ್ವರ, ಸಾವು, ಎಲ್ಲ ಬಂತು. ಆಮೇಲೆ ಅಜ್ಜಿಯ ದನಿ: “ಮೊದಲು ನಮ್ಮನೆ ಹಿಂದಿನ ಹಳ್ಳ ದಾಟಬೇಕು. ಆಮೇಲೆ ಬಿಳಿ ಬಂಡೆ ಹಳ್ಳ. ಅಲ್ಲಿಂದ...”

ಅಷ್ಟರಲ್ಲಿ ಮಾಮನದೇ ಅಂದಿನ ದನಿ: “ಅಜ್ಜಿ, ಹಳ್ಳಕೊಳ್ಳ ಎಲ್ಲ ಇರಲಿ. ಯುದ್ಧದ ವಿಷಯಕ್ಕೆ ಬನ್ನಿ.” ಟಕ್.

ನರ್ಸ್ ಮಾಮನತ್ತ ತಿರುಗಿದಳು. “ನಮ್ಮಲ್ಲಿ ಕಾಡಿನ ಜಾಗಕ್ಕೆ ಹೆಸರಿಲ್ಲ ಸರ್. ಮನೆ ಬಾಗಿಲಿಂದ ಒಂದೊಂದೇ ಹಳ್ಳ ಹೇಳ್ತಾ ಹೋಗೋದೇ ವಿಳಾಸ.”

ಮಾಮನಿಗೆ ಆ ದಿನ ನೆನಪಾಯಿತು. ಗುಂಡಿ ಒತ್ತಿದ ಮೇಲೂ ಅಜ್ಜಿ ಬೆರಳು ಮಡಚುತ್ತ ಬಹಳ ಹೊತ್ತು ಹೇಳಿದ್ದಳು. ಇವರು ಗಡಿಯಾರ ನೋಡುತ್ತಿದ್ದರು. ಬೆರಳು ಮಡಚಿದ್ದು ಕಣ್ಣಿಗೆ ಕಟ್ಟಿದೆ, ಹಳ್ಳ ಮಾತ್ರ ಒಂದೂ ನೆನಪಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಗೇಣುದ್ದ ಟೇಪಿಗೆ ಒಬ್ಬ ಮನುಷ್ಯನೇ ಕಳೆದುಹೋದ.

ತಪ್ಪಾಯಿತಮ್ಮ ಎಂದರು ಮಾಮ. ಅವಳು ಕ್ಯಾಸೆಟ್ಟಿನ ನಕಲು ಕೇಳಿದಳು. ಯಂತ್ರಕ್ಕೆ ಹಾಕುವಾಗ ಮಾಮನಿಗೆ ಅವಳ ಮುಖ ನೋಡಲಾಗಲಿಲ್ಲ.

“ಕೊನೆಯಲ್ಲಿ ನನ್ನ ದನಿ ಇದೆಯಲ್ಲ, ಅದನ್ನ ತೆಗೆದು ಕೊಡ್ತೀನಮ್ಮ.”

“ಬೇಡ ಸರ್, ಇರಲಿ. ಅಜ್ಜಿ ಹೇಳೋಕೆ ಹೊರಟಿದ್ದಳು ಅಂತಾದ್ರೂ ನನ್ನ ಮಕ್ಕಳಿಗೆ ಗೊತ್ತಾಗಲಿ.”