ಕುಶಾಲಪ್ಪನ ಹಸಿರು ಚುಕ್ಕಿ

ಮೂರ್ನಾಡಿನ ಕುಶಾಲಪ್ಪ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ತಿಂಡಿ ಪೊಟ್ಟಣಗಳ ತಪಾಸಣೆಗೆ ಇಳಿದ. ಮಂಜುನಾಥನ ಅಂಗಡಿಯಲ್ಲಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಬಿಸ್ಕತ್ತು, ಚಿಪ್ಸುಗಳನ್ನೆಲ್ಲ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಹಸಿರು ಚುಕ್ಕಿ ಇದ್ದರೆ ಅದು ಆರ್ಗ್ಯಾನಿಕ್, ಕಂದು ಗುರುತಿದ್ದರೆ ಬರೀ ಕೆಮಿಕಲ್ ಎಂಬುದು ಅವನ ತೀರ್ಮಾನ. ಯಾರೂ ಹೇಳಿಕೊಟ್ಟದ್ದಲ್ಲ, ಹಸಿರೆಂದ ಮೇಲೆ ಒಳ್ಳೆಯದೇ ಇರಬೇಕೆಂದು ತಾನೇ ಊಹಿಸಿ, ಊರಿಗೆಲ್ಲ ಹಂಚಿದ್ದ.

ಒಂದು ಭಾನುವಾರ ಸೊಸೆ ಸುಮಿತಾ ಮಡಿಕೇರಿಯಿಂದ ಕೋಳಿ ಸಾಸೇಜಿನ ಪೊಟ್ಟಣ ತಂದಳು. ಒಲೆಯ ಮೇಲೆ ಹಂದಿ ಕರಿ ಕುದಿಯುತ್ತಿತ್ತು. ಕುಶಾಲಪ್ಪ ಕಂದು ಗುರುತು ನೋಡಿದವನೇ ಈ ವಿಷ ಮನೆಯೊಳಗೆ ಬೇಡವೆಂದ.

"ಮಾವ, ಅದು ವಿಷ ಅಂತ ಅಲ್ಲ, ಒಳಗೆ ಮಾಂಸ ಇದೆ ಅಂತ. ನಮ್ಮ ಹಂದಿ ಕರಿನ ಪ್ಯಾಕ್ ಮಾಡಿದ್ರೂ ಇದೇ ಗುರುತು ಹಾಕ್ಬೇಕು" ಎಂದಳು ಸುಮಿತಾ. ಹಸಿರು ಚುಕ್ಕಿ ಎಂದರೆ ಸಸ್ಯಾಹಾರ, ಅಷ್ಟೆ. ಆರ್ಗ್ಯಾನಿಕ್ ಎನ್ನಲು ಬೇರೆಯೇ ಮುದ್ರೆ ಇದೆ, ಬೆಳೆದ ರೀತಿಯನ್ನು ಪರೀಕ್ಷಿಸಿ ಕೊಡುತ್ತಾರೆ ಎಂದೂ ವಿವರಿಸಿದಳು.

ಕುಶಾಲಪ್ಪ ನಂಬದೆ ಬಚ್ಚಲಿಗೆ ಹೋಗಿ ಹಲ್ಲುಜ್ಜುವ ಪೇಸ್ಟನ್ನು ತಿರುಗಿಸಿ ನೋಡಿದ. ಅದರ ಮೇಲೂ ಹಸಿರು ಚುಕ್ಕಿ! ಪೇಸ್ಟನ್ನು ಯಾರೂ ಗದ್ದೆಯಲ್ಲಿ ಬೆಳೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು.

ತಪ್ಪು ಟಿಕೆಟ್ ಕೊಟ್ಟರೆ ಬಸ್ಸಿಳಿದು ಪ್ರಯಾಣಿಕರ ಹಿಂದೆ ಓಡುತ್ತಿದ್ದ ಮನುಷ್ಯ ಅವನು. ಮಾರನೆಯ ಬೆಳಿಗ್ಗೆಯೇ ತಪ್ಪು ಒಪ್ಪಿಕೊಳ್ಳಲು ಮನೆಮನೆಗೆ ಹೊರಟ. ಪಕ್ಕದ ಮನೆಯ ಕಮಲ, ನಾನು ನಂಬಿಯೇ ಇರಲಿಲ್ಲ, ನಿಮಗೆ ಬೇಜಾರಾದೀತೆಂದು ತಲೆಯಾಡಿಸಿದ್ದೆ ಎಂದು ನಕ್ಕಳು. ಮಂಜುನಾಥ, ವ್ಯಾಪಾರ ಚೆನ್ನಾಗಿತ್ತು, ಅದಕ್ಕೇ ಸುಮ್ಮನಿದ್ದೆ ಎಂದ.

ಕೊನೆಗೆ ಮಾಯಿಲಪ್ಪನ ಮನೆ. ಅವನು ಕುಶಾಲಪ್ಪನ ಬಸ್ಸಿನ ಡ್ರೈವರ್ ಆಗಿದ್ದವನು. ಕರಿದದ್ದು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದರೂ ಜಗಲಿಯಲ್ಲಿ ಚಿಪ್ಸು ಮೆಲ್ಲುತ್ತಿದ್ದ. ಕುಶಾಲಪ್ಪ ತಲೆ ತಗ್ಗಿಸಿ ಎಲ್ಲ ಹೇಳಿಕೊಂಡ.

ಹೆಂಡತಿ ಎಲ್ಲಿದ್ದಾಳೆಂದು ಮಾಯಿಲಪ್ಪ ಒಳಗೊಮ್ಮೆ ಇಣುಕಿ ದನಿ ತಗ್ಗಿಸಿದ. "ನಂಗೆ ಮೊದಲೇ ಗೊತ್ತಿತ್ತು ಮಾರಾಯ. ಆದ್ರೆ ಹಸಿರು ಚುಕ್ಕಿ ಇದೆ, ತಿನ್ಬಹುದು ಅಂತ ಕುಶಾಲಪ್ಪ ಹೇಳಿದ್ದಾನೆ ಅಂದ್ರೆ ಬೆಳ್ಳಮ್ಮ ಬೈತಿರಲಿಲ್ಲ. ಅವಳಿಗೆ ಮಾತ್ರ ಹೇಳ್ಬೇಡ."

ಅಷ್ಟರಲ್ಲಿ ಬೆಳ್ಳಮ್ಮ ಹೊರಬಂದು, ಬೆಳಿಗ್ಗೆ ಬೆಳಿಗ್ಗೆ ಏನು ವಿಷಯವೆಂದು ಕೇಳಿದಳು. ಕುಶಾಲಪ್ಪ ಗೆಳೆಯನ ಮುಖ ನೋಡಿದ, ಚಿಪ್ಸಿನ ಪೊಟ್ಟಣ ನೋಡಿದ, ಕಣ್ಣು ಮುಚ್ಚಿಕೊಂಡು ಹೇಳಿಯೇ ಬಿಟ್ಟ. ಬೆಳ್ಳಮ್ಮ ಪೊಟ್ಟಣ ಕಿತ್ತುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಕಾಫಿ ಬಂತು, ಸಕ್ಕರೆ ಇಲ್ಲದೆ.