ವಕೀಲರ ಪಡಸಾಲೆಯ ಸಮುದ್ರ

ಹಾನಗಲ್ಲಿನ ಸುಯಮೀಂದ್ರ ವಕೀಲರಿಗೆ ಕೋರ್ಟಿನಲ್ಲಿ ಎಂದೂ ಬಾರದ ಸಿಟ್ಟು, ರವಿವಾರ ಮಧ್ಯಾಹ್ನ ಪಡಸಾಲೆಯಲ್ಲಿ ಹಡಗಿನ ಕಾಳಗದ ಆಟ ಹಾಸಿದೊಡನೆ ನೆತ್ತಿಗೇರುತ್ತದೆ. ಆ ನೀಲಿ ಹಲಗೆಯ ಮೇಲೆ ಯಾರಾದರೂ ಹಡಗನ್ನು ಹಿಂದಕ್ಕೆ ಸರಿಸಿದರೋ, "ಅದೇನು ಟ್ರ್ಯಾಕ್ಟರೇನ್ರೀ, ರಿವರ್ಸ್ ಹೊಡೀಲಿಕ್ಕೆ? ತಿರುಗಿಸಿಕೊಂಡು ಬರ್ರಿ!" ಮೂತಿ ಎದುರಿಗಿಟ್ಟೇ ತೋಪು ಹಾರಿಸಿದರೋ, "ತೋಪು ಇರೋದು ಮಗ್ಗಲದಾಗ! ಮೊದಲ ಅಡ್ಡ ನಿಲ್ರಿ, ಆಮ್ಯಾಲೆ ಹೊಡೀರಿ!" ಅವರು ಹಲಗೆ ಗುದ್ದುವ ರಭಸಕ್ಕೆ ಎರಡೂ ಕಡೆಯ ಹಡಗುಗಳ ಜೊತೆ ಚಹಾದ ಕಪ್ಪುಗಳೂ ನಡುಗುತ್ತವೆ. ಗಾಳಿಗೆ ಎದುರಾಗಿ ಒಂದು ಮನೆ ಹೆಚ್ಚು ನಡೆಸಲು ಬಿಡಿ ಎಂದು ಗೋಗರೆದರೆ, "ಸಮುದ್ರದಾಗ ವಶೀಲಿ ನಡಿಯೋದಿಲ್ಲ" ಎಂಬ ಒಂದೇ ತೀರ್ಪು. ಅವರ ಪಿತ್ತ ಪೂರಾ ಕೆರಳಿಸುವವನು ಮಾತ್ರ ತಿಳವಳ್ಳಿಯ ಕಕ್ಷಿದಾರ ಗುದ್ಲೆಪ್ಪ. ಅವನದು ಪಗಡಿಯಲ್ಲಿ ಪಳಗಿದ ಕೈ. ಪಗಡಿಯಲ್ಲಿ ಹೊಡೆಸಿಕೊಂಡ ಕಾಯಿ ಮನೆಗೆ ಹೋಗಿ ಮತ್ತೆ ಹೊರಡುತ್ತದಲ್ಲ, ಹಾಗೆಯೇ ಮುಳುಗಿದ ಹಡಗನ್ನೂ ಅವನು ಪ್ರತಿ ಸಲ ಎತ್ತಿ ಬಂದರಿನಲ್ಲಿಡುತ್ತಾನೆ. ನಿನ್ನೆಯೂ ಇಟ್ಟ. ವಕೀಲರ ಕೊರಳ ನರ ಉಬ್ಬಿತು. "ಎಷ್ಟ ಸಲ ಹೇಳ್ಬೇಕು ಗುದ್ಲೆಪ್ಪಾ ನಿನಗ? ಮುಳುಗಿದ ಹಡಗ ತಿರುಗಿ ಮನೀಗೆ ಬರೋದಿಲ್ಲ!" "ಆತ್ರಿ ವಕೀಲ್ರ, ತಗೀತೇನಿ, ಸಿಟ್ಟಾಗಬ್ಯಾಡ್ರಿ" ಎಂದು ಅವನು ಕೈ ಚಾಚುವಷ್ಟರಲ್ಲಿ ಒಳಗಿನಿಂದ ವಕೀಲರ ತಾಯಿ ಗೋಪಿಕಾಬಾಯಿಯ ದನಿ ಬಂತು. ಸರಕಿನ ಹಡಗಿನೊಡನೆ ಮುಳುಗಿದ ಕಿರಿಮಗ ಪವನನ ಫೋಟೋಕ್ಕೆ ಇಂದಿಗೂ ಹಾರ ಹಾಕಗೊಡದ ಹೆಂಗಸು ಆಕೆ. "ಸುಯಮೀ, ಒದರಬ್ಯಾಡೋ. ಆಟದಾಗರೆ ಬರಲಿ ಬಿಡು."